ನನ್ನ ಹೆಸರಿನಲ್ಲಿ ಆದ ತಿದ್ದುಪಡಿ

ಬಾಗಿಲು ಮುಚ್ಚಿಕೊಂಡಾಗ ನಡುವೆ ನಮ್ಮ ಟೆಕ್ನೀಷಿಯನ್‌ನ ಮಣಿಕಟ್ಟು ಇತ್ತು.

ನಾಚಾರಂನ ಒಂದು ಶೆಡ್ಡಿನಲ್ಲಿ ಕಬ್ಬಿಣದ ಚೌಕಟ್ಟಿಗೆ ಕೂರಿಸಿದ್ದ ರೈಲುಬೋಗಿಯ ಬಾಗಿಲು ಅದು. ಹಿಂದೆ ಬೋಗಿ ಇಲ್ಲ, ಮುಂದೆ ಪ್ಲಾಟ್‌ಫಾರಂ ಇಲ್ಲ. ಎರಡು ಕದಗಳು ಇಡೀ ದಿನ ತೆರೆಯುವುದು, ಮುಚ್ಚುವುದು, ಅಷ್ಟೇ. ನಡುವೆ ಏನಾದರೂ ಸಿಕ್ಕರೆ ಕದಗಳು ಮೆತ್ತಗೆ ಒತ್ತಿ, ನಿಂತು, ಮತ್ತೆ ತೆರೆದುಕೊಳ್ಳಬೇಕು. ಒತ್ತುವ ಬಲ ಅಳೆಯುವ ಸಾಧನವನ್ನು ಇಡುವ ಮೊದಲು ಒಂದು ಸಲ ಕೈಯಿಟ್ಟು ನೋಡುವುದು ಆತನ ರೂಢಿ. ಅವತ್ತು ಕದಗಳು ಮೆತ್ತಗೆ ಒತ್ತಲಿಲ್ಲ. ಮೂಳೆಗೆ ಏನೂ ಆಗಲಿಲ್ಲವಾದರೂ ಸಂಜೆಯ ಹೊತ್ತಿಗೆ ಆತನ ಮಣಿಕಟ್ಟು ಊದಿಕೊಂಡು ನೀಲಿಯಾಗಿತ್ತು.

ನಾನಾಗ ಉಪ್ಪಲ್‌ನ ಆಫೀಸಿನಲ್ಲಿದ್ದೆ. ಶೆಡ್ಡಿನಿಂದ ಫೋನು ಬಂದ ಕೂಡಲೇ ನಮ್ಮ ಮ್ಯಾನೇಜರ್ ಸರ್ವರ್‌ನಲ್ಲಿ ಬಾಗಿಲಿನ ಮಾಡೆಲ್ ತೆರೆಸಿದರು. ಒತ್ತುವ ಬಲದ ಮಿತಿ ಇರಬೇಕಾದದ್ದಕ್ಕಿಂತ ಬಹಳ ಮೇಲಿತ್ತು. ನಿಯಂತ್ರಣ ಪೆಟ್ಟಿಗೆಗೆ ಹೋಗುವ ಪ್ರೋಗ್ರಾಂ ಆ ಮಾಡೆಲ್‌ನಿಂದಲೇ ತಯಾರಾಗುತ್ತಿತ್ತು. ಹಾಗಾಗಿ ಅಲ್ಲಿ ತಪ್ಪಿದ್ದು ನೇರವಾಗಿ ಬಾಗಿಲಿಗೆ ಇಳಿದಿತ್ತು. ಆ ಅಂಕಿಯನ್ನು ಯಾರು, ಯಾವಾಗ ಬದಲಿಸಿದರು ಎಂಬುದು ಪರದೆಯ ಬಲಬದಿಯಲ್ಲಿ ತಾನಾಗಿ ದಾಖಲಾಗಿರುತ್ತದೆ. ಮ್ಯಾನೇಜರ್ ಅಲ್ಲಿ ಬೆರಳಿಟ್ಟರು. ಅಲ್ಲಿದ್ದದ್ದು ನನ್ನ ಹೆಸರು.

"ನಾನು ಇದನ್ನ ಮುಟ್ಟಿಲ್ಲ ಸರ್," ಎಂದೆ.

ಸುತ್ತ ನಿಂತವರು ಒಬ್ಬೊಬ್ಬರಾಗಿ ತಮ್ಮ ಮೇಜುಗಳಿಗೆ ಮರಳಿದರು.

ನನ್ನ ಕೆಲಸವೇನೆಂದು ಸ್ವಲ್ಪ ಹೇಳಬೇಕು. ಹಿಂದೆ ಇಂಥ ಯಂತ್ರಗಳ ವಿವರವೆಲ್ಲ ದಪ್ಪ ದಪ್ಪ ಕಾಗದದ ಕಟ್ಟುಗಳಲ್ಲಿ ಇರುತ್ತಿತ್ತಂತೆ. ಈಗ ಎಲ್ಲವೂ ಮಾಡೆಲ್‌ಗಳು. ಬಾಗಿಲು ಏನೇನು ಮಾಡಬೇಕು ಎಂದು ಹೇಳುವುದು ಒಂದು. ಯಾವ ಭಾಗ ಯಾವುದಕ್ಕೆ ಸೇರುತ್ತದೆ ಎಂದು ತೋರಿಸುವುದು ಇನ್ನೊಂದು. ಕದ ಎಷ್ಟು ವೇಗದಲ್ಲಿ ಚಲಿಸಿ ಎಷ್ಟು ಒತ್ತುತ್ತದೆ ಎಂದು ಲೆಕ್ಕಹಾಕಿ ನಡೆಸಿ ನೋಡುವುದು ಬೇರೆ, ಅದರ ಆಕಾರದ ನಕ್ಷೆ ಮತ್ತೂ ಬೇರೆ. ಒಂದೊಂದನ್ನೂ ಒಂದೊಂದು ಕಂಪನಿಯ ಸಾಫ್ಟ್‌ವೇರ್‌ನಲ್ಲಿ ಮಾಡುತ್ತಾರೆ. ಪ್ರತಿ ಸಾಫ್ಟ್‌ವೇರೂ ತಾನೇ ಯಜಮಾನ ಎಂದುಕೊಂಡಿರುತ್ತದೆ. ಒಂದರಲ್ಲಿ ಬದಲಾದದ್ದು ಇನ್ನೊಂದಕ್ಕೆ ತಿಳಿಯುವಂತೆ, ತಿಳಿಯಬಾರದ್ದು ತಿಳಿಯದಂತೆ ನೋಡಿಕೊಳ್ಳುವವಳು ನಾನು. ಎಲ್ಲ ಮಾಡೆಲ್‌ಗಳ ಒಳಗೂ ಹೋಗಲು ನನಗೆ ಅನುಮತಿ ಇತ್ತು. ಅಲ್ಲಿಯವರೆಗೆ ಅದು ನನಗೊಂದು ಹೆಮ್ಮೆಯ ವಿಷಯವಾಗಿತ್ತು. ಅವತ್ತಿನಿಂದ ಅದೇ ನನ್ನ ಮೇಲಿನ ಅನುಮಾನಕ್ಕೆ ಕಾರಣವಾಯಿತು.

ಮಧ್ಯಾಹ್ನ ಮ್ಯಾನೇಜರ್ ನನ್ನನ್ನು ತಮ್ಮ ಕೋಣೆಗೆ ಕರೆದು ಬಾಗಿಲು ಹಾಕಿಸಿದರು. "ನೀ ಮೀದ ಅನುಮಾನಂ ಲೇದಮ್ಮಾ," ಎಂದು ತೆಲುಗಿನಲ್ಲಿ ಶುರುಮಾಡಿದರು. ಅನುಮಾನ ಇಲ್ಲ ಎಂದು ಯಾರಾದರೂ ಕರೆದು ಹೇಳುವವರೆಗೆ ನನಗೂ ಅದು ಅಷ್ಟಾಗಿ ತಟ್ಟಿರಲಿಲ್ಲ. ಆಮೇಲೆ ದನಿ ತಗ್ಗಿಸಿ, ನನ್ನ ಲಾಗಿನ್ ಬೇರೆ ಯಾರ ಕೈಗಾದರೂ ಸಿಕ್ಕಿರಬಹುದೇ ಎಂದು ಕೇಳಿದರು. ಇಲ್ಲ ಎಂದೆ. "ನಿಮ್ಮ ಅಕ್ಕ ತನ್ನ ಮಾಡೆಲ್ ಸರ್ವರ್‌ನಲ್ಲಿ ಇಡೋದಿಲ್ಲ, ಯಾಕೆ ಅಂತ ಯೋಚನೆ ಮಾಡಿದ್ದೀಯಾ? ಸ್ವಲ್ಪ ಗಮನ ಇಡು. ನನಗೆ ಮಾತ್ರ ಹೇಳು," ಎಂದರು.

ಅಕ್ಕ ಎಂದರೆ ನನ್ನ ಒಡಹುಟ್ಟಿದವರಲ್ಲ. ಬಾಗಿಲಿನ ಚಲನೆಯ ಮಾಡೆಲ್ ಮಾಡುತ್ತಿದ್ದ ಹಿರಿಯ ಎಂಜಿನಿಯರ್ ಅವರು. ಅವರದು ವಿಜಯಪುರದ ಕಡೆಯ ಊರು, ನನ್ನದು ರಾಯಚೂರು. ಆ ಮಹಡಿಯಲ್ಲಿ ಕನ್ನಡದವರೆಂದರೆ ನಾವಿಬ್ಬರೇ. ನಾನು ಕೆಲಸಕ್ಕೆ ಸೇರಿದ ಮೊದಲ ವಾರವೇ, ನಾನು ಫೋನಿನಲ್ಲಿ ಅಮ್ಮನ ಜೊತೆ ಮಾತಾಡುವುದನ್ನು ಕೇಳಿಸಿಕೊಂಡು, "ಯಾವೂರಾಕಿ ತಂಗಿ ನೀ?" ಎಂದು ಬಂದು ನಿಂತವರು. ಅಂದಿನಿಂದ ನಾನವರಿಗೆ ತಂಗಿ. ಊಟಕ್ಕೆ ಕುಳಿತಾಗ ಡಬ್ಬಿಯ ಮುಚ್ಚಳದಲ್ಲಿ ಶೇಂಗಾ ಹಿಂಡಿ ಹಾಕಿ ನನ್ನತ್ತ ಸರಿಸುವರು. ಕೆಲಸದ ವಿಷಯದಲ್ಲಿ ಮಾತ್ರ ಬಲು ಬಿಗಿ. ತಮ್ಮ ಮಾಡೆಲ್‌ನ ಮೂಲ ಪ್ರತಿಯನ್ನು ತಮ್ಮ ಕಂಪ್ಯೂಟರ್‌ನಲ್ಲೇ ಇಟ್ಟುಕೊಳ್ಳುತ್ತಿದ್ದರು. "ನಿಮ್ಮ ಸರ್ವರ್‌ನ್ಯಾಗ ಹತ್ತು ಮಂದಿ ಕೈ ಆಡಸ್ತಾರ. ನಾಳೆ ನನ್ನ ಮಾಡೆಲ್ ನನಗ ಗುರ್ತು ಸಿಗಂಗಿಲ್ಲ," ಎನ್ನುತ್ತಿದ್ದರು. ಅದನ್ನು ಒಂದು ಹಟ ಎಂದಷ್ಟೇ ನಾನು ತಿಳಿದಿದ್ದೆ.

ಮ್ಯಾನೇಜರ್ ಹೇಳಿದ ಮೇಲೆ ಅದು ಹಟದಂತೆ ಕಾಣಲಿಲ್ಲ.

ಅವತ್ತೇ ಪಾಸ್‌ವರ್ಡ್ ಬದಲಿಸಿದೆ. ಅದನ್ನು ಟೈಪ್ ಮಾಡುವಾಗ ಎಡಗೈ ಅಡ್ಡ ಹಿಡಿಯುವುದು ಶುರುವಾಯಿತು. ಅಕ್ಕ ನನ್ನ ಮೇಜಿನ ಹತ್ತಿರ ಬಂದರೆ ಮಾತಾಡುತ್ತಲೇ ಪರದೆಯ ಕಿಟಕಿಗಳನ್ನೆಲ್ಲ ಮುಚ್ಚುತ್ತಿದ್ದೆ. ಅವರು ಅದನ್ನು ಗಮನಿಸಿದರೋ ಇಲ್ಲವೋ ತಿಳಿಯಲಿಲ್ಲ. ಆದರೆ ಅವರ ಪ್ರಶ್ನೆಗಳೂ ವಿಚಿತ್ರವಾಗತೊಡಗಿದವು. "ನಿನ್ನೆ ಎಷ್ಟೊತ್ತಿಗೆ ಮನಿಗಿ ಹ್ವಾದಿ?" "ಮನಿಯಾಗ ಕುಂತೂ ಸರ್ವರ್‌ಗೆ ಹೋಗಾಕ ಬರ್ತೈತೇನು ನಿನಗ?" ಒಂದು ದಿನ ಚಹಾ ಕುಡಿದು ಬರುವಷ್ಟರಲ್ಲಿ ಅವರು ನನ್ನ ಕುರ್ಚಿಯ ಹಿಂದೆ ನಿಂತು ಪರದೆಯನ್ನು ದಿಟ್ಟಿಸುತ್ತಿದ್ದರು. ನನ್ನನ್ನು ಕಂಡವರೇ, "ಸ್ಟೇಪ್ಲರ್ ಬೇಕಾಗಿತ್ತು," ಎಂದರು. ಸ್ಟೇಪ್ಲರ್ ಅವರ ಮೇಜಿನ ಮೇಲೆಯೇ ಇತ್ತು. ನಾನಿದ್ದಲ್ಲಿಂದ ಕಾಣುತ್ತಿತ್ತು.

ಮನೆಯಲ್ಲಿ ಗಂಡನಿಗೆ ಹೇಳಿದೆ. ಅವನು ತಿನ್ನುವುದನ್ನು ನಿಲ್ಲಿಸಿ ಕೇಳಿಸಿಕೊಂಡ. "ನಮ್ಮ ಕಡಿ ಮಂದಿ ಅಂತ ಕಣ್ಣುಮುಚ್ಚಿ ನಂಬಬ್ಯಾಡ. ಕೆಲಸ ಹೋಗಾಕತ್ತಿದ್ರ ಯಾರೂ ಊರು ನೋಡಂಗಿಲ್ಲ," ಎಂದ. ಅಕ್ಕನ ಕೆಲಸ ಹೋಗುತ್ತಿದೆ ಎಂದು ನಾನು ಹೇಳಿರಲಿಲ್ಲ. ಆದರೂ ಆ ಮಾತು ತಲೆಯಲ್ಲಿ ಉಳಿಯಿತು. ಆಕಾರದ ನಕ್ಷೆ ಮಾಡುವವರು ತಮ್ಮದನ್ನೆಲ್ಲ ಸರ್ವರ್‌ಗೆ ಒಪ್ಪಿಸಿದ ಮೇಲೆ ಅವರ ತಂಡದ ಇಬ್ಬರನ್ನು ಬೇರೆ ಕೆಲಸಕ್ಕೆ ಹಾಕಿದ್ದರು. ಅಕ್ಕನಿಗೂ ಅದೇ ಭಯ ಇರಬಹುದೇ? ಸರ್ವರ್ ನಂಬಿಕೆಗೆ ಯೋಗ್ಯವಲ್ಲ ಎಂದು ತೋರಿಸಲು ಒಂದು ಅಂಕಿ ಬದಲಿಸಿದರೆ ಸಾಕಲ್ಲವೇ?

ಹೀಗೆ ಯೋಚಿಸುತ್ತಿರುವಾಗ ಎರಡನೆಯ ಸಲವೂ ಆಯಿತು. ಚಿಕ್ಕಪ್ಪನ ಮಗಳ ನಿಶ್ಚಿತಾರ್ಥಕ್ಕೆಂದು ರಜೆ ಹಾಕಿ ರಾಯಚೂರಿಗೆ ಹೋಗಿದ್ದೆ. ಲ್ಯಾಪ್‌ಟಾಪ್ ಒಯ್ದಿರಲಿಲ್ಲ. ಮರಳಿ ಬಂದಾಗ, ಅಡ್ಡ ಸಿಕ್ಕಿದ್ದನ್ನು ಬಿಟ್ಟು ಕದ ಮತ್ತೆ ತೆರೆಯಲು ಹಿಡಿಯುವ ಸಮಯ ಬದಲಾಗಿತ್ತು. ಬಲದ ಮಿತಿಯನ್ನು ನಾವು ಸರಿಪಡಿಸಿದ್ದೆವಲ್ಲ, ಅದೂ ತಿರುಗಿ ತಪ್ಪು ಅಂಕಿಗೆ ಹೋಗಿತ್ತು. ಈ ಸಲ ಬಾಗಿಲಿಗೆ ಇಳಿಯುವ ಮೊದಲೇ ಯಾರೋ ನೋಡಿದ್ದರು. ದಾಖಲೆಯಲ್ಲಿ ಮತ್ತೆ ನನ್ನ ಹೆಸರು. ನಾನು ಮನೆಯ ಅಂಗಳದಲ್ಲಿ ಹೆಂಗಸರ ಜೊತೆ ಎಲೆ ಅಡಿಕೆ ಹಂಚುತ್ತಿದ್ದ ಹೊತ್ತಿನಲ್ಲಿ ನಾನೇ ಉಪ್ಪಲ್‌ನಲ್ಲಿ ಮಾಡೆಲ್ ತಿದ್ದಿದ್ದೆ.

ಹೊಸ ಪಾಸ್‌ವರ್ಡ್ ನನಗೆ ಬಿಟ್ಟರೆ ದೇವರಿಗೂ ಗೊತ್ತಿರಲಿಲ್ಲ. ನನ್ನ ಬೆನ್ನ ಹಿಂದೆ ನಿಂತು ಯಾರೋ ನೋಡುತ್ತಿದ್ದಾರೆ ಎಂಬುದು ಆಗ ನನಗೆ ಖಚಿತವಾಯಿತು. ಮ್ಯಾನೇಜರ್ ಮೊದಲಿನಷ್ಟು ಮೆತ್ತಗಿರಲಿಲ್ಲ. "ರಜೆಯಲ್ಲಿ ಇದ್ದೆ ಅಂತೀಯ. ಫೋನಿನಿಂದಲೂ ಲಾಗಿನ್ ಆಗಬಹುದಲ್ಲ," ಎಂದರು. ಅನುಮಾನಂ ಲೇದು ಎಂಬ ಮಾತು ಈ ಸಲ ಬರಲಿಲ್ಲ.

ಅಕ್ಕ ಅವತ್ತು ಊಟಕ್ಕೆ ನನ್ನನ್ನು ಕರೆಯಲಿಲ್ಲ. ಕ್ಯಾಂಟೀನಿನಲ್ಲಿ ಎದುರಾದಾಗ, "ಫಂಕ್ಷನ್ ಬಾಗಾ ಜರಿಗಿಂದಾ ಮೇಡಂ?" ಎಂದು ತೆಲುಗಿನಲ್ಲಿ ಕೇಳಿದರು. ಸಮಾರಂಭ ಚೆನ್ನಾಗಿ ನಡೆಯಿತೇ ಎಂದು. ನಾನೂ ತೆಲುಗಿನಲ್ಲೇ, ಚೆನ್ನಾಗಿ ನಡೆಯಿತು ಎಂದೆ. ಅಂದಿನಿಂದ ನಾವಿಬ್ಬರೂ ತೆಲುಗಿನಲ್ಲೇ ಮಾತಾಡತೊಡಗಿದೆವು. ಜಗಳವಾಗಿದ್ದರೆ ಕನ್ನಡದಲ್ಲೇ ಆಗುತ್ತಿತ್ತು. ತಂಗಿ ಹೋಗಿ ಮೇಡಂ ಆದದ್ದು ನನಗೆ ಆ ದಾಖಲೆಗಿಂತ ಹೆಚ್ಚು ಚುಚ್ಚಿತು. ಜೊತೆಗೆ, ತಪ್ಪು ಮಾಡಿದವರು ಹೀಗೆಯೇ ದೂರ ಸರಿಯುತ್ತಾರೆ ಎಂದೂ ಅನ್ನಿಸಿತು.

ಮುಂದಿನ ವಾರ ಮ್ಯಾನೇಜರ್ ನನ್ನನ್ನು ನಾಚಾರಂಗೆ ಕಳಿಸಿದರು. ಅಕ್ಕ ಶೆಡ್ಡಿನಲ್ಲಿ ನಿಯಂತ್ರಣ ಪೆಟ್ಟಿಗೆಗೆ ತಾವಾಗಿ ಏನಾದರೂ ಹಾಕಿಸಿದ್ದಾರೆಯೇ ಎಂದು ವಿಚಾರಿಸಿಕೊಂಡು ಬರಬೇಕಿತ್ತು. ಟೆಕ್ನೀಷಿಯನ್‌ನ ಮಣಿಕಟ್ಟು ಅಷ್ಟೊತ್ತಿಗೆ ವಾಸಿಯಾಗಿತ್ತು. ನಾನು ಸುತ್ತಿಬಳಸಿ ಕೇಳುವುದನ್ನು ಆತ ಸ್ವಲ್ಪ ಹೊತ್ತು ಕೇಳಿಸಿಕೊಂಡ. ಆಮೇಲೆ ಹಿಂದಿಯಲ್ಲಿ, ಏನೂ ಕಪಟವಿಲ್ಲದೆ, "ಏನು ನಡೀತಿದೆ ಮೇಡಂ ನಿಮ್ಮ ಆಫೀಸಿನಲ್ಲಿ? ನೀವು ಅವರ ಬಗ್ಗೆ ಕೇಳ್ತೀರಿ. ಅವರು ಈಗಷ್ಟೇ ಬಂದು ನಿಮ್ಮ ಬಗ್ಗೆ ಇದನ್ನೇ ಕೇಳಿದರು," ಎಂದ.

"ಯಾರು?"

"ದೊಡ್ಡ ಮೇಡಂ. ಹೊರಗೆ ಆಟೋ ಕಾಯ್ತಿದ್ದಾರೆ ನೋಡಿ."

ನಾನು ಹೊರಗೆ ಓಡಿದೆ. ಗೇಟಿನ ಎದುರು, ರಾಸಾಯನಿಕದ ಡ್ರಮ್ಮುಗಳನ್ನು ಹೊತ್ತ ಲಾರಿಯ ನೆರಳಿನಲ್ಲಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಅಕ್ಕ ನಿಂತಿದ್ದರು. ನನ್ನನ್ನು ನೋಡಿ ಅವರ ಮುಖ ಬಿಗಿಯಾಯಿತು. ಅಷ್ಟರಲ್ಲಿ ಉಪ್ಪಲ್ ಕಡೆಯ ಶೇರ್ ಆಟೋ ಬಂದು ನಿಂತಿತು. ಅವರು ಹತ್ತಿದರು. ನಾನೂ ಹತ್ತಿ ಪಕ್ಕದಲ್ಲಿ ಕುಳಿತೆ. ಎದುರು ಇಬ್ಬರು ಹೆಂಗಸರು ತರಕಾರಿ ಚೀಲ ಹಿಡಿದು ಕುಳಿತಿದ್ದರು.

ಅಕ್ಕ ರಸ್ತೆಯನ್ನೇ ನೋಡುತ್ತ ಕನ್ನಡದಲ್ಲಿ ಕೇಳಿದರು. "ತಂಗಿ, ಖರೆ ಹೇಳು. ಸಾಹೇಬ್ರು ನಿನಗ ನನ್ನ ಮ್ಯಾಲ ಕಣ್ಣಿಡು ಅಂತ ಹೇಳ್ಯಾರೇನು?"

ಉತ್ತರಕ್ಕೆ ಮೊದಲು ನಾನು ಲೆಕ್ಕ ಹಾಕಿದೆ. ಇದೂ ಒಂದು ಉಪಾಯವಿರಬಹುದೇ ಎಂದು. ಆದರೆ ಅವರ ದನಿಯಲ್ಲಿ ಸಿಟ್ಟಿಗಿಂತ ದಣಿವೇ ಹೆಚ್ಚಾಗಿತ್ತು.

"ಹೌದ್ರಿ ಅಕ್ಕಾರ. ನಿಮಗೂ ಹೇಳ್ಯಾರೇನ್ರಿ?"

"ನಿನಕಿಂತ ಮೊದಲ ನನಗ ಹೇಳ್ಯಾರ! ಆಕಿಗಿ ಎಲ್ಲಾ ಮಾಡೆಲ್ ಒಳಗೂ ಹೋಗಾಕ ಬರ್ತೈತಿ, ಜರಾ ನೋಡಿಕೋತ ಇರ್ರಿ, ನನಗ ಅಷ್ಟ ಹೇಳ್ರಿ ಅಂತ. ಅದಕ್ಕ ಅವತ್ತು ನಿನ್ನ ಕುರ್ಚಿ ಹಿಂದ ನಿಂತಿದ್ದೆ. ಸ್ಟೇಪ್ಲರ್ ಅಂದೆ. ಸುಳ್ಳ ಹೇಳಾಕೂ ಬರಂಗಿಲ್ಲ ನನಗ."

ನನಗೆ ನಗು ಬಂತು, ಅವರಿಗೆ ಬರಲಿಲ್ಲ. "ನಗಬ್ಯಾಡ. ನಾ ಭಾಳ ಕೆಟ್ಟ ಕೆಟ್ಟ ವಿಚಾರ ಮಾಡೀನಿ ನಿನ್ನ ಬಗ್ಗೆ. ನೀ ಮಾಡಿಲ್ಲ ಅಂದ್ರ ಯಾರು ಮಾಡ್ಯಾರ ಮತ್ತ?"

ಉಪ್ಪಲ್ ಬರುವಷ್ಟರಲ್ಲಿ ಒಂದು ತೀರ್ಮಾನಕ್ಕೆ ಬಂದೆವು. ಮರುದಿನ ಎಲ್ಲರಿಗಿಂತ ಮೊದಲು ಬಂದು, ಯಾರಿಗೂ ಹೇಳದೆ, ಇಬ್ಬರೂ ಒಟ್ಟಿಗೆ ಕುಳಿತು ನೋಡುವುದು. ಒಬ್ಬರ ಕಣ್ಣೆದುರು ಇನ್ನೊಬ್ಬರು ಎಂಬುದನ್ನು ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಇಬ್ಬರೂ ಬಯಸಿದ್ದು ಅದನ್ನೇ.

ಬೆಳಿಗ್ಗೆ ಅಕ್ಕನ ಮೇಜಿಗೆ ನನ್ನ ಲ್ಯಾಪ್‌ಟಾಪ್ ಒಯ್ದು, ಬಾಗಿಲಿನ ಮಾಡೆಲ್‌ನ ದಾಖಲೆ ತೆರೆದಿಟ್ಟೆ. ಬಲದ ಮಿತಿ ಸರಿಯಾಗಿಯೇ ಇತ್ತು. ಅಕ್ಕ ತಮ್ಮ ಚಲನೆಯ ಮಾಡೆಲ್ ತೆರೆದರು. ನಾವು ಅದುವರೆಗೆ ನಡೆದದ್ದನ್ನೆಲ್ಲ ಮತ್ತೆ ಹೇಳಿಕೊಂಡೆವು. ನಾನು ಊರಿಗೆ ಹೋಗಿದ್ದಾಗ ಅವರು ಏನು ಮಾಡುತ್ತಿದ್ದರು? ತಮ್ಮ ಮಾಡೆಲ್‌ನ ಒಂದು ಚಿತ್ರವನ್ನು ಸ್ವಲ್ಪ ಸರಿಸಿ ಉಳಿಸಿದ್ದರಂತೆ, ಅಷ್ಟೇ. ಕೆಲಸ ಬಹುಪಾಲು ಮುಗಿದಿದ್ದ ಆ ಮಾಡೆಲ್ ಅನ್ನು ಅವರು ಈಚೆಗೆ ತೆರೆಯುತ್ತಿದ್ದದ್ದೇ ಅಪರೂಪ. "ಅಷ್ಟ ಮಾಡ್ರಿ ಈಗ," ಎಂದೆ. ಅವರು ಒಂದು ಚೌಕವನ್ನು ತುಸು ಪಕ್ಕಕ್ಕೆ ಎಳೆದು ಉಳಿಸಿದರು.

ನನ್ನ ಪರದೆ ಒಮ್ಮೆ ಮಿನುಗಿತು. ಬಲದ ಮಿತಿ ನಮ್ಮಿಬ್ಬರ ಕಣ್ಣೆದುರೇ ಏರಿತು. ಪಕ್ಕದಲ್ಲಿ ನನ್ನ ಹೆಸರು ಮೂಡಿತು. ನನ್ನ ಎರಡೂ ಕೈಗಳು ಮಡಿಲಲ್ಲಿದ್ದವು.

"ಅಯ್ಯ ಇದರ!" ಎಂದು ಅಕ್ಕ ಮೌಸ್ ಅನ್ನು ಬಿಸಿ ತಟ್ಟೆಯ ಹಾಗೆ ಬಿಟ್ಟರು.

ಆಮೇಲೆ ಬಿಡಿಸುತ್ತ ಹೋದದ್ದು ಇಷ್ಟು. ಅಕ್ಕನ ಸಾಫ್ಟ್‌ವೇರ್‌ನಿಂದ ಸರ್ವರ್‌ಗೆ ಅಂಕಿಗಳನ್ನು ದಾಟಿಸುವ ಒಂದು ಜೋಡಣೆಯನ್ನು ಬಹಳ ಹಿಂದೆ ಹಾಕಿಸಿದ್ದೆವು. ಗುಂಡಿ ಒತ್ತಿದರೆ ಮಾತ್ರ ಅದು ಕೆಲಸ ಮಾಡುತ್ತಿತ್ತು. ಅಕ್ಕ ಒತ್ತುತ್ತಲೇ ಇರಲಿಲ್ಲ. ಬಾಗಿಲು ಕೈ ಒತ್ತಿದ್ದಕ್ಕಿಂತ ಸ್ವಲ್ಪ ದಿನ ಮೊದಲು ಆ ಸಾಫ್ಟ್‌ವೇರ್‌ನ ಹೊಸ ಆವೃತ್ತಿ ಬಂದಿತ್ತು. ಅದರಲ್ಲಿ ಮಾಡೆಲ್ ಉಳಿಸಿದಾಗಲೆಲ್ಲ ಜೋಡಣೆ ತಾನಾಗಿ ಓಡುತ್ತಿತ್ತು. ಅದು ಅಂಕಿಗಳನ್ನು ಹೆಸರು ನೋಡಿ ಹೊಂದಿಸುತ್ತಿತ್ತು. ಅಕ್ಕನ ಮಾಡೆಲ್‌ನ ಒಂದು ಮೂಲೆಯಲ್ಲಿ ನಾವು ಮೊದಲು ಪ್ರಯೋಗಕ್ಕೆ ಮಾಡಿದ್ದ, ಅಂಚಿಗೆ ಗಟ್ಟಿ ರಬ್ಬರಿದ್ದ ಹಳೆಯ ಬಾಗಿಲೂ ಇತ್ತು. ಆ ಬಾಗಿಲಿನ ಮಿತಿ, ಸಮಯಗಳಿಗೂ ಈ ಬಾಗಿಲಿನವುಗಳಿಗೂ ಒಂದೇ ಹೆಸರು. ಜೋಡಣೆಗೆ ಮೊದಲು ಸಿಕ್ಕದ್ದು ಹಳೆಯದು. ಅದನ್ನೇ ಒಯ್ದು ಸರ್ವರ್‌ನಲ್ಲಿ ಇಟ್ಟುಬಿಡುತ್ತಿತ್ತು.

"ಅದು ಸರಿ. ನಿನ್ನ ಹೆಸರು ಯಾಕ ಬರಾಕತ್ತೈತಿ?" ಎಂದು ಅಕ್ಕ ಕೇಳಿದರು. ಕೇಳಿದವರೇ ಹಣೆ ಒತ್ತಿಕೊಂಡರು. "ತಡಿ. ಆ ಜೋಡಣಿ ಹಾಕಾಕ ಬಂದಾವ ಯಾರದರ ಲಾಗಿನ್ ಬೇಕು ಅಂದಾಗ ಸಾಹೇಬ್ರ ಅಲ್ಲೇನು ಹೇಳಿದ್ದು? ಬ್ಯಾರೆ ಲಾಗಿನ್ ತಗೊಳ್ಳೋದು ಆಮ್ಯಾಲ ನೋಡೋಣು, ಸದ್ಯಕ್ಕ ಆಕಿ ಹೆಸರಿಲೆ ಹಾಕ್ರಿ ಅಂತ?"

ನನಗೂ ನೆನಪಾಯಿತು. ಇದೇ ಮೇಜಿನ ಹತ್ತಿರ ನಿಂತು, ಕೈಯಲ್ಲಿ ಚಹಾ ಲೋಟ ಹಿಡಿದು ಅವರು ಹಾಗೆ ಹೇಳಿದ್ದರು. ನಾನು ಬಗ್ಗಿ ಟೈಪ್ ಮಾಡಿ ಎದ್ದಿದ್ದೆ. ಒಮ್ಮೆ ಒಪ್ಪಿಗೆ ಕೊಟ್ಟರೆ ಆ ಜೋಡಣೆಗೆ ಮತ್ತೆ ಪಾಸ್‌ವರ್ಡ್ ಬೇಕಿರಲಿಲ್ಲ. ನಾನು ಎಷ್ಟು ಸಲ ಬದಲಿಸಿದ್ದರೂ ಅದು ನನ್ನ ಹೆಸರು ಹಾಕಿಕೊಂಡೇ ತಿರುಗುತ್ತಿತ್ತು.

ಇಬ್ಬರೂ ಮ್ಯಾನೇಜರ್ ಕೋಣೆಗೆ ಹೋದೆವು. ಬಾಗಿಲು ತೆರೆದೇ ಇಟ್ಟೆವು. ನಾನು ಎಲ್ಲವನ್ನೂ ತೋರಿಸಿದೆ. ಅವರು ಕನ್ನಡಕ ತೆಗೆದು ಒರೆಸಿ, "ನೇನು ಅಲಾ ಚೆಪ್ಪಾನಾ?" ಎಂದರು. ನಾನು ಹಾಗೆ ಹೇಳಿದ್ದೆನೇ ಎಂದು. "ನನಗೆ ನೆನಪೇ ಇಲ್ಲ. ಹೋಗಲಿ, ಕಾರಣ ಸಿಕ್ಕಿತಲ್ಲ."

ಅಕ್ಕ ಅಷ್ಟಕ್ಕೆ ಬಿಡಲಿಲ್ಲ. "ನಮ್ಮಿಬ್ಬರಲ್ಲಿ ನೀವು ಯಾರನ್ನು ನಂಬಿದ್ದಿರಿ ಸರ್?" ಎಂದು ತೆಲುಗಿನಲ್ಲಿ ಕೇಳಿದರು.

"ಇಬ್ಬರನ್ನೂ," ಎಂದು ಅವರು ನಕ್ಕರು. "ನಂಬಿದ್ದಕ್ಕೇ ಇಬ್ಬರಿಗೂ ಹೇಳಿದೆ."

ಆ ನಗುವಿನಲ್ಲಿ ನಾನು ಏನನ್ನೋ ಹುಡುಕಿದೆ, ಸಿಗಲಿಲ್ಲ. ಮರೆತಿದ್ದರೂ ಇರಬಹುದು. ಅಂಥ ಮಾತುಗಳನ್ನು ದಿನಕ್ಕೆ ಎಷ್ಟೋ ಆಡುವವರು ಅವರು. ಅಥವಾ ಮೊದಲ ದಿನ ಪರದೆಯ ಮೇಲೆ ಬೆರಳಿಟ್ಟಾಗಲೇ ನೆನಪಾಗಿರಲೂಬಹುದು.

ಮುಂದಿನ ಕೆಲವು ವಾರ ನಾನೂ ಅಕ್ಕನೂ ಕುಳಿತು ಯಾವ ಅಂಕಿಯ ಮನೆ ಯಾವ ಮಾಡೆಲ್ ಎಂದು ನಿರ್ಧರಿಸಿದೆವು. ಒಂದು ಅಂಕಿಗೆ ಒಂದೇ ಮನೆ, ಉಳಿದ ಮಾಡೆಲ್‌ಗಳು ಅದನ್ನು ಓದಬಹುದು, ತಿದ್ದುವಂತಿಲ್ಲ. ಹೆಸರು ನೋಡಿ ಹೊಂದಿಸುವುದನ್ನು ನಿಲ್ಲಿಸಿ ಪ್ರತಿಯೊಂದಕ್ಕೂ ಬೇರೆ ಗುರುತು ಕೊಟ್ಟೆವು. ಜೋಡಣೆಗೆ ಅದರದೇ ಲಾಗಿನ್ ಬಂತು. ಒಂದೊಂದಕ್ಕೂ ಅಕ್ಕ ಜಗಳವಾಡಿದರು. ಕೊನೆಗೆ ಹಳೆಯ ಬಾಗಿಲನ್ನು ಬೇರ್ಪಡಿಸಿ, ತಮ್ಮ ಮಾಡೆಲ್ ಅನ್ನು ಸರ್ವರ್‌ಗೆ ಹಾಕಿದರು. ಒಂದು ಪ್ರತಿಯನ್ನು ತಮ್ಮ ಹತ್ತಿರ ಇಟ್ಟುಕೊಂಡೇ ಹಾಕಿದರು ಎಂದು ನನ್ನ ಗುಮಾನಿ. ನಾನು ಕೇಳಲಿಲ್ಲ. ನಾಚಾರಂನ ಬಾಗಿಲು ಪರೀಕ್ಷೆಯಲ್ಲಿ ಪಾಸಾಯಿತು.

ಒಂದು ಭಾನುವಾರ ಅಕ್ಕ ನನ್ನನ್ನು ತಾರ್ನಾಕದ ತಮ್ಮ ಮನೆಗೆ ಊಟಕ್ಕೆ ಕರೆದರು. ಅವರ ಯಜಮಾನರು ಬಟ್ಟೆ ವ್ಯಾಪಾರದವರು. ನಾನು ಹೊಸಿಲು ದಾಟಿ ನನ್ನ ಪರಿಚಯ ಹೇಳಿಕೊಳ್ಳುತ್ತಿದ್ದಂತೆ, "ಓ, ಇವ್ರ ಏನು ಅವ್ರು?" ಎಂದರು. ಅಕ್ಕ ಕಣ್ಣು ಬಿಟ್ಟು ಸನ್ನೆ ಮಾಡಿದರು. ಯಜಮಾನರು ಸೋಫಾದ ಮೇಲಿದ್ದ ಕಾರಿನ ಕೀಲಿಯನ್ನು ಮೆಲ್ಲಗೆ ಜೇಬಿಗೆ ಇಳಿಸಿಕೊಂಡರು. ಊಟಕ್ಕೆ ಕುಳಿತಾಗಲೂ ರೊಟ್ಟಿ ಮುರಿಯುತ್ತ ಮುರಿಯುತ್ತ ನನ್ನ ಕಡೆ ಒಂದು ಕಣ್ಣಿಟ್ಟೇ ಇದ್ದರು.

ಅಕ್ಕನಿಗೆ ತಡೆಯಲಾಗಲಿಲ್ಲ. "ಎಷ್ಟು ಸಲ ಹೇಳ್ಲಿರಿ ನಿಮಗ? ಆಕಿ ಅಲ್ಲ, ಕಂಪ್ಯೂಟರ್ ಮಾಡಿದ್ದು. ಆಕಿ ಹೆಸರಿಲೆ ತಾನ ಮಾಡಾಕತ್ತಿತ್ತು."

ಅವರು ಪಲ್ಯ ಬಡಿಸಿಕೊಂಡು, ನನ್ನನ್ನು ಬಿಟ್ಟು ಹೆಂಡತಿಯನ್ನು ನೋಡಿ, "ಕಂಪ್ಯೂಟರ್‌ಗೆ ಇವ್ರ ಹೆಸರು ಕೊಟ್ಟಾವ್ರು ಯಾರು?" ಎಂದು ಕೇಳಿದರು.

ಅಕ್ಕ ಎದ್ದು ಬಿಸಿ ರೊಟ್ಟಿ ತರಲು ಒಳಗೆ ಹೋದರು. ಮ್ಯಾನೇಜರ್ ಇನ್ನೂ ನಮ್ಮ ಮ್ಯಾನೇಜರ್. ಈಚೆಗೆ ನಕ್ಷೆಯ ತಂಡಕ್ಕೆ ಹೊಸಬರೊಬ್ಬರು ಸೇರಿದ್ದಾರೆ. ಮೊನ್ನೆ ಅವರು ಮ್ಯಾನೇಜರ್ ಕೋಣೆಯಿಂದ ಹೊರಗೆ ಬರುವಾಗ ನನ್ನ ಮೇಜಿನ ಕಡೆ ಒಮ್ಮೆ ನೋಡಿ, ನಾನು ನೋಡಿದ ಕೂಡಲೇ ಮುಖ ತಿರುಗಿಸಿಕೊಂಡರು.